ಅಕ್ಕನ ಚಪ್ಪಲಿ

ಕಾಲೇಜಿನ ಮೊದಲ ಪರೀಕ್ಷೆಯಲ್ಲೇ ಫೇಲಾದ ಹುಡುಗಿ ಮನೆಗೆ ಹೊರಡಲು ಬಟ್ಟೆಬರೆ, ಚಪ್ಪಲಿ ಎಲ್ಲವನ್ನೂ ಚೀಲಕ್ಕೆ ತುರುಕಿ ಮಂಚದ ಮೇಲೆ ಕಲ್ಲಿನಂತೆ ಕೂತಿದ್ದಳು. ಅಳುವೂ ಬರಲಿಲ್ಲ.

ಹೊಸಬರನ್ನು ಬೆಳಿಗ್ಗೆ ಎಬ್ಬಿಸಿ ಕ್ಲಾಸಿಗೆ ಕರೆದೊಯ್ಯುವುದು ಆ ಹಾಸ್ಟೆಲಿನಲ್ಲಿ ಮೇಲಿನ ತರಗತಿಯವರ ಕೆಲಸ. ಪಕ್ಕದ ಕೋಣೆಯ ಅಕ್ಕ ಬಾಗಿಲು ತಟ್ಟಿ ಒಳಬಂದಳು.

"ಏನೇ, ಸವಾರಿ ಎಲ್ಲಿಗೆ?"

"ಮನೆಗೆ, ಅಕ್ಕಾ. ನನ್ನ ಕೈಲಾಗಲ್ಲ."

"ಹೋಗುವಿಯಂತೆ. ಬಸ್ಸಿರೋದು ಮಧ್ಯಾಹ್ನ ತಾನೇ? ಅಲ್ಲೀವರೆಗೆ ಇಲ್ಲಿ ಗೋಡೆ ನೋಡೋ ಬದಲು ಅಲ್ಲಿ ಬೋರ್ಡ್ ನೋಡು. ಏಳೇ!"

"ಚಪ್ಪಲಿ ಚೀಲದ ತಳದಲ್ಲಿದೆ."

ಅಕ್ಕ ತನ್ನ ಚಪ್ಪಲಿ ಕಳಚಿಟ್ಟು ಬರಿಗಾಲಲ್ಲೇ ಮುಂದೆ ನಡೆದಳು.

ಹುಡುಗಿಗೆ ಏನೂ ಅನ್ನಿಸಲಿಲ್ಲ. ಅಳತೆಗೆ ದೊಡ್ಡದಾದ ಚಪ್ಪಲಿಯನ್ನು ಪಟಪಟ ಬಡಿಯುತ್ತಾ ಹಿಂದೆ ಹೋದಳು. ಮಧ್ಯಾಹ್ನ ಬಸ್ಸು ಹೊರಟಾಗ ಅವಳು ಅದೇ ಚಪ್ಪಲಿಯಲ್ಲಿ ಲ್ಯಾಬಿನಲ್ಲಿ ನಿಂತಿದ್ದಳು.