ಗೇಟು ಮುಚ್ಚಿದ್ದರೂ ಬಂದ ನೀರು

ಹೊಟೇಲಿನ ಚಾದರ ಒಗೆಯುವ ಅಕ್ಕನಿಗೆ ಅಣೆಕಟ್ಟಿನ ಕೆಳಗಿನ ಹೊಳೆ ನಡುವಿನ ಬಂಡೆಯೇ ಆಗಬೇಕು. ಬೆಳಗ್ಗೆ ಹೋಗಿ ಮಧ್ಯಾಹ್ನಕ್ಕೆ ಮನೆ ಸೇರುತ್ತಿದ್ದಳು. ಸಂಜೆ ವಿದ್ಯುತ್ ಕೇಂದ್ರದಿಂದ ಕೂಗುವ ಸೈರನ್ ಅಲ್ಲಿನ ಕೆಲಸಗಾರರ ಪಾಳಿ ಬದಲಾಗುವ ಗುರುತು ಎಂದೇ ಅವಳ ಎಣಿಕೆ.

ಅಂದು ಹೊಟೇಲಿನವರು ರಾಶಿ ಬಟ್ಟೆ ಕಳಿಸಿದ್ದರು. ಸಂಜೆಯಾದರೂ ಮುಗಿಯಲಿಲ್ಲ. ಗುಡ್ಡದೊಳಗಿನ ವಿದ್ಯುತ್ ಕೇಂದ್ರದಲ್ಲಿ ಕೆಲಸ ಮಾಡುವ ತಂಗಿಗೆ ರಜೆ, ಅವಳೂ ಕೈಜೋಡಿಸಿದ್ದಳು. ಆಗ ಸೈರನ್ ಕೂಗಿತು.

"ಅಕ್ಕಾ, ಏಳು! ನೀರು ಬರುತ್ತೆ!"

"ನಿನ್ನ ತಲೆ! ಮೇಲೆ ನೋಡು, ಅಣೆಕಟ್ಟಿನ ಗೇಟು ಮುಚ್ಚೇ ಇದೆ. ಮೋಡಾನೂ ಇಲ್ಲ. ನೀರೇನು ನಿನ್ನ ಮಾತು ಕೇಳಿ ಬರುತ್ತಾ?"

ತಂಗಿ ವಾದಕ್ಕೆ ನಿಲ್ಲಲಿಲ್ಲ. ಅಕ್ಕನ ರಟ್ಟೆ ಹಿಡಿದು ದಡಕ್ಕೆ ಎಳೆದಳು.

"ಬಿಡೇ, ಚಾದರ ಅಲ್ಲೇ ಉಳೀತು!"

ಅಕ್ಕ ಕೊಸರಾಡುತ್ತಿದ್ದಂತೆಯೇ ನೀರು ಏರಿತು. ಮೊದಲು ಚಾದರ ಹೋಯಿತು, ಆಮೇಲೆ ಬಂಡೆಯೇ ಕಾಣಲಿಲ್ಲ. ಅಕ್ಕ ತಿರುಗಿ ಮೇಲೆ ನೋಡಿದಳು. ಗೇಟು ಇನ್ನೂ ಮುಚ್ಚಿಯೇ ಇತ್ತು.

"ಎಲ್ಲಿಂದ ಬಂತೇ ಇದು?"

"ಗೇಟಿಂದಲ್ಲ ಅಕ್ಕಾ, ಗುಡ್ಡದಿಂದ. ಅಣೆಕಟ್ಟಿನ ನೀರು ಸುರಂಗದಲ್ಲಿ ಒಳಗಿಳಿಯುತ್ತೆ. ಅಲ್ಲಿ ಕಲ್ಲು ಕೊರೆದು ದೊಡ್ಡ ಹಜಾರ ಮಾಡಿದ್ದಾರೆ. ನೀರು ಬಂದು ಚಕ್ರ ತಿರುಗಿಸುತ್ತೆ, ಕರೆಂಟು ಹುಟ್ಟುತ್ತೆ. ಕೆಲಸ ಮುಗಿಸಿದ ನೀರು ಇನ್ನೊಂದು ಸುರಂಗದಲ್ಲಿ ಹೊಳೆಗೆ ಬೀಳುತ್ತೆ. ಅಗೋ, ಅದರ ಬಾಯಿ."

"ಒಂದು ಮಾತು ಹೇಳಿ ನೀರು ಬಿಡಬಾರದಾ?"

"ಆ ಮಾತೇ ಸೈರನ್ನು! ಸಂಜೆ ಎಲ್ಲರ ಮನೇಲೂ ದೀಪ ಹತ್ತುತ್ತೆ. ಕರೆಂಟು ಬೇಕು ಅಂತ ಕರೆಂಟು ಹಂಚೋ ಆಫೀಸಿಂದ ನಮಗೆ ಫೋನು ಬರುತ್ತೆ. ಸೈರನ್ ಕೂಗಿಸಿ, ಸ್ವಲ್ಪ ಕಾದು, ಯಂತ್ರ ಶುರು ಮಾಡ್ತೀವಿ."

"ಹೊಳೇಲಿ ಯಾರಿದ್ದಾರೆ ಅಂತ ಇಣುಕಿ ನೋಡೋಕೇನು ಧಾಡಿ?"

ತಂಗಿ ಗುಡ್ಡದ ಕಡೆ ಕೈ ತೋರಿದಳು. "ಗುಡ್ಡದ ಹೊಟ್ಟೇಲಿ ಕೂತೋಳಿಗೆ ಏನು ಕಾಣುತ್ತೆ? ಒಂದು ಕಿಟಕಿ ಕೂಡ ಇಲ್ಲ. ನಾಳೆ ಸಂಜೆ ಪಾಳಿ ನಂದೇ ಅಕ್ಕಾ. ಯಂತ್ರ ಶುರು ಮಾಡೋ ಕೈಯೂ ನಂದೇ."

ಅಕ್ಕ ತಂಗಿಯ ಒದ್ದೆ ಕೈಯನ್ನು ಹಿಡಿದುಕೊಂಡೇ ಮನೆಗೆ ನಡೆದಳು.

ಮರುದಿನವೂ ಹೊಟೇಲಿನ ಬಟ್ಟೆ ಸಂಜೆಯಾದರೂ ಮುಗಿಯಲಿಲ್ಲ. ಮತ್ತೆ ಸೈರನ್. ಅಕ್ಕ ಸೋಪು ಹಚ್ಚಿದ ಚಾದರವನ್ನು ಅಲ್ಲೇ ಬಿಟ್ಟು, ಪಕ್ಕದಲ್ಲೇ ಮೀನಿಗೆ ಗಾಳ ಹಾಕಿ ಕೂತಿದ್ದ ತನ್ನ ಗಂಡನನ್ನು ಎಬ್ಬಿಸಿದಳು.

"ಯಾಕೆ? ಗೇಟು ಮುಚ್ಚೇ ಇದೆಯಲ್ಲೇ!"

"ಮೊದಲು ದಡ ಹತ್ತಿ! ಒಳಗಿರೋದು ನನ್ನ ತಂಗಿ. ಅವಳ ಕೈಯಿಂದ ನಮ್ಮ ಸಾವು ಆಗಬಾರದು."

ಇಬ್ಬರೂ ದಡ ಹತ್ತಿದ ಮೇಲೆ ನೀರು ಬಂತು.

ಹೊಳೆಗೆ ಇಳಿಯುವ ಅಕ್ಕಂದಿರೇ, ಅಣ್ಣಂದಿರೇ, ಗೇಟು ನೋಡಬೇಡಿ, ಮೋಡ ನೋಡಬೇಡಿ. ಸೈರನ್ ಕೇಳಿದ ತಕ್ಷಣ ದಡ ಹತ್ತಿ. ಬಟ್ಟೆಯೋ ಬಲೆಯೋ ಹೋದರೆ ಹೋಗಲಿ. ಗುಡ್ಡದೊಳಗೆ ಕೂತವರಿಗೆ ನೀವು ಕಾಣುವುದಿಲ್ಲ. ಅವರ ಕೂಗು ಮಾತ್ರ ನಿಮಗೆ ಕೇಳುತ್ತದೆ.