ಹೆಣದ ಕಾಲ ಬಳಿ ಕೂತವಳು

ಪೊಥಿತಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಸತ್ತವಳು ಒಡಹುಟ್ಟಿದ ಅಕ್ಕ ಸ್ಟಾವ್ರಿಯಾನಿ. ಆದರೂ ಇವಳಿಗೆ ಸಿಕ್ಕಿದ್ದು ಹೆಣದ ಕಾಲ ಬಳಿಯ ಜಾಗ. ತಲೆಯ ಕಡೆ ಕೂರಬೇಕಾದರೆ ಕಲ್ಲುಬುರುಜಿನ ದೊಡ್ಡ ಮನೆತನದವಳಾಗಿರಬೇಕು. ಮಾನಿ ಸೀಮೆಯ ಹಳ್ಳಿಗಳಲ್ಲಿ ಮೇಲುಕೀಳು ಸಾವಿನ ಮನೆಯನ್ನೂ ಬಿಡುವುದಿಲ್ಲ, ಏನು ಮಾಡೋಣ! ತಲೆಯ ಕಡೆ ಅಕ್ಕನ ಅತ್ತೆ ದಿಯಾಮಾಂತೊ ಕೂದಲು ಬಿಚ್ಚಿಹಾಕಿಕೊಂಡು ಶೋಕದ ಹಾಡು ಎಳೆಯುತ್ತಿದ್ದಳು.

"ಬಂಗಾರದಂಥ ಸೊಸೆಯೇ, ನಿನ್ನ ಅಂಗೈಯಲ್ಲಿಟ್ಟು ಸಾಕಿದ್ನಲ್ಲೇ..."

ಅಂಗೈಯಂತೆ ಅಂಗೈ! ಜ್ವರದಲ್ಲಿ ಸುಡುತ್ತಿದ್ದವಳ ಬೆನ್ನಿಗೆ ಆಲಿವ್ ಮೂಟೆ ಹೊರಿಸಿ ಗಾಣಕ್ಕೆ ಅಟ್ಟಿದವಳು ಈ ಮುದುಕಿಯೇ. ಈಗ ಅಕ್ಕನ ಮಗಳು, ನಾಲ್ಕು ವರ್ಷದ ಲಿಯೇರಿಯನ್ನು ತೊಡೆಯ ಮೇಲೆ ಅದುಮಿಕೊಂಡು ಕೂತಿದ್ದಾಳೆ. "ಮಗೂನ ಇಲ್ಲಿ ಬಿಡ್ಬೇಡ ಕಣೇ" ಎಂದು ಅಕ್ಕ ಕೊನೆಗಳಿಗೆಯಲ್ಲಿ ಪೊಥಿತಿಯ ಕೈ ಹಿಡಿದಿದ್ದಳು. ನಾಳೆ ಬಂದು ಕೇಳಿದರೆ ಈ ಮನೆಯ ಗಂಡಸರು ಬಾಗಿಲಿಂದಲೇ ಅಟ್ಟುತ್ತಾರೆ. ಹೆಣದ ಮುಂದೆ ಹಾಡಿದ ಮಾತಿಗೆ ಮಾತ್ರ ಅವರು ಬಾಯಿ ಹಾಕುವಂತಿಲ್ಲ. ಹೆಂಗಸರೆಲ್ಲ ಕೊನೆಯ ಸಾಲನ್ನು ಎತ್ತಿ ಹಾಡಿದರೆ ಊರೇ ಒಪ್ಪಿದಂತೆ. ಆದರೆ ಹಾಡುತ್ತಿರುವವಳು ತಾನಾಗಿ ಕೈ ಚಾಚಿ ಸರದಿ ಕೊಡಬೇಕು. ದಿಯಾಮಾಂತೊ ಎಲ್ಲರಿಗೂ ಕೊಟ್ಟಳು, ಇವಳತ್ತ ತಿರುಗಿಯೂ ನೋಡಲಿಲ್ಲ.

ಇಗರ್ಜಿಯ ಗಂಟೆ ಮೊಳಗತೊಡಗಿತು. ಇನ್ನೇನು ಪಾದ್ರಿ ಬರುತ್ತಾನೆ, ಹೆಣ ಎತ್ತುತ್ತಾರೆ.

"ಅಮ್ಮಾ, ನಂಗೂ ಒಂದ್ಸಲ ಕೊಡಿ."

"ಸುಮ್ನೆ ಕೂತ್ಕೊಳ್ಳೇ. ಕತ್ತೆ ಮೇಯ್ಸೋರಿಗೂ ಸರದಿ ಬೇಕಂತೆ!"

ಯಾರೋ ಕಿಸಕ್ಕನೆ ನಕ್ಕರು. ಹಾಳಾಗಿ ಹೋಗಲಿ ಎಂದು ಪೊಥಿತಿ ಎದ್ದಳು. ತಲೆಯ ಕಡೆ ನಡೆದು, ಹೆಣದ ಮೇಲಿಂದ ಬಾಗಿ ಮುದುಕಿಯ ಕೈಯನ್ನು ತಾನೇ ಹಿಡಿದುಬಿಟ್ಟಳು. ಹೆಂಗಸರು ಹೌಹಾರಿದರು. ಸರದಿ ಕಿತ್ತುಕೊಂಡವಳನ್ನು ಆ ಊರು ಕಂಡಿರಲಿಲ್ಲ.

"ಸುಡೋ ಜ್ವರದಲ್ಲಿ ಮೂಟೆ ಹೊತ್ತೆಯಲ್ಲೇ ಅಕ್ಕಾ,
ಆ ಮೂಟೆ ನಿನ್ ಮಗಳ ಬೆನ್ನಿಗೆ ಬೇಡ ಕಣೇ,
ನಿನ್ ಕೂಸನ್ನ ನನ್ ಮಡಿಲಿಗೆ ಹಾಕು."

ಕೊನೆಯ ಸಾಲನ್ನು ಯಾರೂ ಎತ್ತಲಿಲ್ಲ. ಮುದುಕಿ ಕೈ ಕೊಡವಿದಳು. ಪೊಥಿತಿ ಬಿಡದೆ ಅದೇ ಸಾಲನ್ನು ಮತ್ತೆ ಹಾಡಿದಳು, ದನಿ ಒಡೆಯಿತು. ಪಾದ್ರಿ ಹೊಸ್ತಿಲಿಗೆ ಬಂದೇಬಿಟ್ಟ.

ಆಗ ಮುದುಕಿಯ ಪಕ್ಕದಲ್ಲಿದ್ದ ಕಿರಿಯ ಸೊಸೆ, ಏಳು ತಿಂಗಳ ಬಸುರಿ ಕನೆಲ್ಲಾ, ತಗ್ಗಿಸಿದ ತಲೆ ಎತ್ತದೆ ಹಾಡಿದಳು:

"ನಿನ್ ಕೂಸನ್ನ ನನ್ ಮಡಿಲಿಗೆ ಹಾಕು."

ಇನ್ನೊಬ್ಬಳು ದನಿಗೂಡಿಸಿದಳು, ಮತ್ತೊಬ್ಬಳು, ಆಮೇಲೆ ಇಡೀ ಕೋಣೆ. ದಿಯಾಮಾಂತೊ ಸೊಸೆಯನ್ನು ನುಂಗುವಂತೆ ನೋಡಿದಳು. ಕನೆಲ್ಲಾ ಅತ್ತೆಯ ತೋಳು ಬಿಡಿಸಿ, ಮಗುವನ್ನು ಎತ್ತಿಕೊಂಡು, ಸುತ್ತಿ ಬಂದು ಪೊಥಿತಿಯ ಕೈಗಿಟ್ಟಳು.

"ಹೋಗಕ್ಕ, ಬೇಗ ಹೋಗು."

"ನೀನು?"

ಕನೆಲ್ಲಾ ಹೊಟ್ಟೆ ಹಿಡಿದುಕೊಂಡು ಮೆಲ್ಲಗೆ ಹಿಂದಕ್ಕೆ ನಡೆದು, ಅತ್ತೆಯ ಪಕ್ಕದಲ್ಲೇ ಕೂತಳು.