ಮೂರೂ ಬದಲಾಯಿಸಬೇಕು

"ವಯಸ್ಸಾಗಿತ್ತು ಪಾಪ. ಕೊನೆಕೊನೆಗೆ ಕೈ ಓಡ್ತಿರ್ಲಿಲ್ಲ," ಎನ್ನುತ್ತಲೇ ವರ್ಕ್‌ಶಾಪ್ ಮಾಲೀಕ ಹೂವು ಹಿಡಿದು ಒಳಗೆ ಬಂದ. ಶವಪೆಟ್ಟಿಗೆಯಲ್ಲಿ ಮಲಗಿದ್ದ ಮೆಕ್ಯಾನಿಕ್‌ಗೆ ಕೇಳಿಸುವಂತಿರಲಿಲ್ಲ. ಮಗಳಿಗೆ ಕೇಳಿಸಿತು.

"ಆ ಕಾರಿಂದೂ ಹಾಗೇ ಆಯ್ತು. ಬಿಚ್ಚಿ ನೋಡದೇ ಬಿಟ್ಟಿದ್ರು, ದಾರೀಲಿ ಎಂಜಿನ್ ಹೋಯ್ತು. ಇರ್ಲಿ ಬಿಡಿ, ಸತ್ತೋರ ಬಗ್ಗೆ ಈಗ್ಯಾಕೆ..."

ಈಗ್ಯಾಕೆ ಅನ್ನುತ್ತಲೇ ಹೇಳುವುದನ್ನೆಲ್ಲ ಹೇಳಿ ಮುಗಿಸಿದ್ದ. ನಾಲಿಗೆಗೆ ಎಲುಬಿಲ್ಲ ಎಂದದ್ದು ಇಂಥವರನ್ನು ನೋಡಿಯೇ ಇರಬೇಕು. ಗೋಡೆಗೊರಗಿ ನಿಂತಿದ್ದ ವರ್ಕ್‌ಶಾಪಿನ ಸ್ಟೋರ್‌ಕೀಪರ್ ತಲೆ ತಗ್ಗಿಸಿದ.

ಮಗಳಿಗೆ ಮೈಯೆಲ್ಲ ಉರಿಯಿತು. ಅಪ್ಪ ಬಿಚ್ಚಿ ನೋಡಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು.

*

ಆವತ್ತು ಊಟದ ಡಬ್ಬಿ ಕೊಡಲು ಹೋಗಿದ್ದಳು. ಅಪ್ಪ ಎಂಜಿನ್ನಿನ ಮೇಲಿನ ಕವರ್ ತೆಗೆದು, ಒಂದೊಂದು ಸಿಲಿಂಡರಿನ ಮೇಲೂ ಕವಾಟ ಒತ್ತಿ ತೆರೆಯಲು ಸಾಲಾಗಿರುವ ಮೂರು ರಾಕರ್ ಆರ್ಮ್‌ಗಳಲ್ಲಿ ನಡುವಿನದನ್ನು ಬೆರಳಿನಿಂದ ಒತ್ತಿ ನೋಡುತ್ತಿದ್ದ.

"ಗಾಡಿ ಜೋರಾಗಿ ಓಡುವಾಗ ಇವು ಮೂರೂ ಒಂದಾಗ್ಬೇಕು. ನಿಂತಾಗ ನಡುವಿನದು ತನ್ನ ಪಾಡಿಗೆ ತಾನು ಆಡ್ಬೇಕು. ಇಲ್ನೋಡು, ಮೂರನೇ ಸಿಲಿಂಡರಲ್ಲಿ ಕಚ್ಕೊಂಡಿದೆ."

"ಶಬ್ದ ಏನೂ ಇರ್ಲಿಲ್ವಲ್ಲಪ್ಪಾ?"

"ಕಿವಿ ಮೋಸ ಹೋಗುತ್ತೆ, ಬೆರಳು ಹೋಗಲ್ಲ. ನಿಮ್ಮಮ್ಮನ್ನೇ ನೋಡು, ಕೋಪ ಬಂದಾಗ ಸದ್ದು ಮಾಡ್ತಾಳಾ?"

ತಪಾಸಣೆಯ ಹಾಳೆಯಲ್ಲಿ ಬರೆದ: ಮೂರೂ ಒಟ್ಟಿಗೆ ಬದಲಾಯಿಸಬೇಕು. ಆ ಹಾಳೆ ಎಲ್ಲಿಗೆ ಹೋಯಿತೋ! ಎಂಜಿನ್ ಕೆಟ್ಟ ಮರುದಿನ ಮಾಲೀಕ ಗಿರಾಕಿಯ ಎದುರಲ್ಲೇ ಅಪ್ಪನ ಮೇಲೆ ಗೂಬೆ ಕೂರಿಸಿ ಕೆಲಸದಿಂದ ತೆಗೆದ. ಮೂವತ್ತೊಂದು ವರ್ಷ ದುಡಿದವನು ಮನೆಗೆ ಬಂದು ತನ್ನ ಬೆರಳನ್ನೇ ನೋಡುತ್ತ ಕೂತ. ಒಂಬತ್ತನೇ ದಿನ ಎದೆಬಡಿತ ನಿಂತಿತು.

*

ಪೆಟ್ಟಿಗೆ ಎತ್ತುವ ಹೊತ್ತಾಯಿತು. ಮೂರು ಮೂಲೆಗೆ ಮೂವರು ಮೆಕ್ಯಾನಿಕ್‌ಗಳು ಬಂದರು. ನಾಲ್ಕನೆಯದಕ್ಕೆ ಮಾಲೀಕನೇ ಬಗ್ಗಿದ, ಮಾನಗೆಟ್ಟವನು.

"ಕೈ ತೆಗೀರಿ," ಎಂದಳು ಮಗಳು. "ಅಪ್ಪ ಬಿಚ್ಚಿ ನೋಡಿದ್ರು ಅಂತ ಇಷ್ಟೂ ಜನರ ಮುಂದೆ ಹೇಳಿ. ಆಮೇಲೆ ಎತ್ತಿ."

"ಇವತ್ತು ಬೇಡಮ್ಮ. ದುಃಖದಲ್ಲಿದ್ದೀಯ."

"ದುಃಖ ಅಲ್ಲ ರೀ, ಸಿಟ್ಟು! ಇವತ್ತು ಬಿಟ್ರೆ ಇನ್ಯಾವತ್ತು?"

ಅಮ್ಮ ಸದ್ದಿಲ್ಲದೆ ಬಂದು ಮಗಳ ಪಕ್ಕ ನಿಂತಳು. ಕೊನೆಗೆ ಬಾಯಿಬಿಟ್ಟವನು ಸ್ಟೋರ್‌ಕೀಪರ್.

"ನೋಡಿದ್ರು. ಹಾಳೆ ಹಿಡ್ಕೊಂಡು ನನ್ನ ಹತ್ರ ಬಂದು ಮೂರೂ ಕೇಳಿದ್ರು. ತರಿಸೋಕೆ ನಾಲ್ಕು ದಿನ ಬೇಕು ಅಂದೆ. ಕವರ್ ಮುಚ್ಚಿ ಗಾಡಿ ಕಳ್ಸು ಅಂದೋರು ನೀವೇ ಸಾರ್. ನಾನೂ ಬಾಯಿಗೆ ಬೀಗ ಹಾಕ್ಕೊಂಡೆ. ಥೂ, ನನ್ನ ಜನ್ಮಕ್ಕಿಷ್ಟು!"

ಆಗಲೂ ಮಾಲೀಕ ಆ ಮಾತು ಹೇಳಲಿಲ್ಲ. ಮೂವರು ಮೆಕ್ಯಾನಿಕ್‌ಗಳು ಕೈಕಟ್ಟಿ ನಿಂತರು. ಅವನು ಹಿಂದೆ ಸರಿದು, ಬಾಗಿಲು ದಾಟಿ ಹೋಗುವ ತನಕ ಪೆಟ್ಟಿಗೆ ಮೇಲೇಳಲಿಲ್ಲ.

ಖಾಲಿಯಾದ ಮೂಲೆಗೆ ಮಗಳು ಹೆಗಲು ಕೊಟ್ಟಳು. ಅವಳು ಗಿಡ್ಡ, ಪೆಟ್ಟಿಗೆ ಅವಳ ಕಡೆಗೆ ವಾಲಿತು. ಎತ್ತರದ ಆ ಮೂವರು ಒಂದೇ ಸಲ ಮಂಡಿ ಬಗ್ಗಿಸಿದರು. ಪೆಟ್ಟಿಗೆ ಅವಳ ಹೆಗಲಿನ ಮಟ್ಟಕ್ಕೆ ಇಳಿಯಿತು. ಹಾಗೆ ಬಗ್ಗಿಕೊಂಡೇ, ಸಣ್ಣ ಹೆಜ್ಜೆ ಹಾಕುತ್ತ, ನಾಲ್ವರೂ ರಸ್ತೆಗಿಳಿದರು.